ಗರಾಜ್ ಬಾಗಿಲಿಗೆ ಇನ್ಸುಲೇಷನ್ ಮೊದಲು, ಹೊಸ ಓಪನರ್ ಆಮೇಲೆ

ಶಿಕಾಗೋ ಸುತ್ತಲಿನ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ 1990ರ ದಶಕದಲ್ಲೋ 2000ದ ಆಚೀಚೆಯೋ ಕಟ್ಟಿದ ಮನೆ ಕೊಂಡ ನಮ್ಮವರು ಮೊದಲ ಜನವರಿಯಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಗರಾಜ್ ಮೇಲಿನ ಬೆಡ್‌ರೂಮ್ ಮಾತ್ರ ಯಾಕೆ ಹೀಗೆ ಕೊರೆಯುತ್ತದೆ? ಫರ್ನೇಸ್ ಓಡುತ್ತಲೇ ಇರುತ್ತದೆ, ಉಳಿದ ಮನೆ ಬೆಚ್ಚಗಿರುತ್ತದೆ, ಆ ಕೋಣೆಗೆ ಕಾಲಿಟ್ಟರೆ ಕಾರ್ಪೆಟ್ ಅಡಿಯಿಂದಲೇ ಚಳಿ ಏರುತ್ತದೆ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತು. ಅಂಥ ದಿನ ಹೊರಗಿನ ಗಾಳಿಗೂ ನಿಮ್ಮ ಗರಾಜಿಗೂ ನಡುವೆ ನಿಂತಿರುವುದು ಒಂದು ತೆಳು ತಗಡು.

ತಗಡು ಅಂದದ್ದು ಉತ್ಪ್ರೇಕ್ಷೆಯಲ್ಲ. ಬಿಲ್ಡರ್‌ಗಳು ಹಾಕಿಕೊಟ್ಟ ಅಗ್ಗದ ಬಾಗಿಲನ್ನು ಒಳಗಿನಿಂದ ನೋಡಿ. ಒಂದೇ ಪದರದ ಸ್ಟೀಲು, ಹಿಂಬದಿ ಬರೀ ಟೊಳ್ಳು. ಬೆರಳಿಂದ ತಟ್ಟಿದರೆ ಡಬ್ಬ ಬಡಿದ ಸದ್ದು ಬರುತ್ತದೆ. ಎರಡು ಕಾರಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ, ಅಂದರೆ 112 ಚದರ ಅಡಿ. ಮನೆಯ ಬೇರಾವ ಕಿಟಕಿ ಬಾಗಿಲೂ ಇದರ ಹತ್ತಿರಕ್ಕೆ ಬರುವುದಿಲ್ಲ.

ಇದಕ್ಕೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹೊದಿಕೆ, ಹಾಕುವುದು, ಗುಂಡಿ ಒತ್ತಿದರೆ ಬಾಗಿಲು ತೆರೆದು ಮುಚ್ಚುವ ಮೋಟಾರು, ಅಂದರೆ ಗಡಗಡಿಸುವ ಹಳೆಯ ಓಪನರ್ ತೆಗೆದು ಹೊಸದು ಕೂರಿಸುವುದು, ಎರಡೂ ಮನೆಯವರೇ ವಾರಾಂತ್ಯದಲ್ಲಿ ಮಾಡಿಕೊಳ್ಳಬಹುದಾದ ಕೆಲಸ. ಆದರೆ ಹೆಚ್ಚಿನವರು ಸೇಲ್ ಕಂಡ ಕೂಡಲೇ ಓಪನರ್ ತಂದು ಹಾಕಿ, ಮುಂದಿನ ವರ್ಷ ಇನ್ಸುಲೇಷನ್ ಬಗ್ಗೆ ಯೋಚಿಸುತ್ತಾರೆ. ಅದು ತಿರುಗುಮುರುಗು. ಇನ್ಸುಲೇಷನ್ ಬಾಗಿಲಿನ ತೂಕ ಹೆಚ್ಚಿಸುತ್ತದೆ. ಸ್ಪ್ರಿಂಗ್ ಹಳೆಯ ತೂಕಕ್ಕೆ ಲೆಕ್ಕ ಹಾಕಿ ಕಟ್ಟಿದ್ದು. ಓಪನರ್ ಎಷ್ಟು ಬಲ ಹಾಕಬೇಕು ಎಂದು ಕಲಿಯುವುದು ಈ ಎರಡನ್ನೂ ನೋಡಿಕೊಂಡು. ಹಾಗಾಗಿ ಸಂದು ಮುಚ್ಚುವುದು, ಇನ್ಸುಲೇಷನ್, ಸ್ಪ್ರಿಂಗ್, ಓಪನರ್: ಈ ಕ್ರಮದಲ್ಲೇ ಹೋಗಿ.

ಶುರುವಿಗೆ ಮುಂಚೆ: ಬಾಗಿಲಿನ ತೂಕ ಯಾರ ಮೇಲಿದೆ?

ಬಾಗಿಲು ಎತ್ತುವುದು ಮೋಟಾರು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಎತ್ತುವುದು ಸ್ಪ್ರಿಂಗು. ಬಾಗಿಲಿನ ನೆತ್ತಿಯ ಮೇಲೆ ಅಡ್ಡಲಾಗಿ ಕಂಬಿಗೆ ಸುತ್ತಿಕೊಂಡಿರುವ ಟಾರ್ಶನ್ ಸ್ಪ್ರಿಂಗ್ ತಕ್ಕಡಿಯ ಒಂದು ತಟ್ಟೆ, ಬಾಗಿಲು ಇನ್ನೊಂದು. ಎರಡೂ ಸಮ ತೂಗಿದರೆ ಓಪನರ್ ಬರೀ ದಾರಿ ತೋರಿಸಿದರೆ ಸಾಕು. ತೂಗದಿದ್ದರೆ ಎಷ್ಟು ದುಬಾರಿ ಓಪನರ್ ಹಾಕಿದರೂ ಅದರ ಗೇರು ಬೇಗ ಸವೆಯುತ್ತದೆ.

ಪರೀಕ್ಷೆ ಸುಲಭ. ಬಾಗಿಲು ಪೂರ್ತಿ ಮುಚ್ಚಿರುವಾಗ, ಮುಚ್ಚಿರುವಾಗಲೇ, ಓಪನರ್ ಹಳಿಯಿಂದ ಇಳಿಬಿದ್ದಿರುವ ಕೆಂಪು ಹಿಡಿಯನ್ನು ಎಳೆಯಿರಿ. ಓಪನರ್ ಬಾಗಿಲಿನಿಂದ ಬಿಡಿಸಿಕೊಳ್ಳುತ್ತದೆ. ತೆರೆದ ಬಾಗಿಲಲ್ಲಿ ಎಳೆದರೆ, ಸ್ಪ್ರಿಂಗ್ ಸೋತಿದ್ದ ಪಕ್ಷದಲ್ಲಿ ನೂರಕ್ಕೂ ಹೆಚ್ಚು ಪೌಂಡ್ ಭಾರ ಒಮ್ಮೆಲೇ ಕೆಳಗೆ ಬರುತ್ತದೆ. ಈಗ ಬಾಗಿಲನ್ನು ಕೈಯಲ್ಲಿ ಸೊಂಟದ ಮಟ್ಟಕ್ಕೆ ಎತ್ತಿ ಮೆಲ್ಲನೆ ಕೈ ಸಡಿಲಿಸಿ. ಅಲ್ಲೇ ನಿಂತರೆ ಸಮತೋಲ ಸರಿ ಇದೆ. ಕೆಳಗೆ ಜಾರಿದರೆ ಸ್ಪ್ರಿಂಗ್ ಸೋತಿದೆ, ತಾನಾಗಿ ಮೇಲೇರಿದರೆ ಬಿಗಿ ಹೆಚ್ಚಾಗಿದೆ. ಇಂದು ಏನಾಯಿತು ಎಂದು ಬರೆದಿಟ್ಟುಕೊಳ್ಳಿ, ಇನ್ಸುಲೇಷನ್ ಆದಮೇಲೆ ಇದನ್ನೇ ಮತ್ತೆ ಮಾಡಲಿಕ್ಕಿದೆ.

ಇಲ್ಲಿ ಒಂದು ಗೆರೆ ಎಳೆದುಬಿಡುತ್ತೇನೆ. ಟಾರ್ಶನ್ ಸ್ಪ್ರಿಂಗ್ ಬಿಗಿ ಮಾಡುವುದು, ಸಡಿಲಿಸುವುದು, ಬದಲಿಸುವುದು, ಬಾಗಿಲಿನ ಕೆಳಮೂಲೆಯಲ್ಲಿ ಕೇಬಲ್ ಸಿಕ್ಕಿಸಿರುವ ಬ್ರ್ಯಾಕೆಟ್ ಮುಟ್ಟುವುದು, ಇವು ನಮ್ಮ ಕೆಲಸವಲ್ಲ. ವಿಡಿಯೋ ನೋಡಿದರೆ ಐದು ನಿಮಿಷದ ಆಟದಂತೆ ಕಾಣುತ್ತದೆ. ಸುತ್ತಿದ ಸ್ಪ್ರಿಂಗಿನಲ್ಲಿ ಕೂಡಿಟ್ಟ ಬಲ ಕೈತಪ್ಪಿದರೆ ಕೈಮೂಳೆ ಮುರಿಯುತ್ತದೆ, ಮುಖಕ್ಕೆ ಬಡಿಯುತ್ತದೆ. ಎಷ್ಟೋ ಬಾಗಿಲುಗಳಲ್ಲಿ ಆ ಬೋಲ್ಟ್‌ಗಳಿಗೆ ಕೆಂಪು ಬಣ್ಣ ಬಳಿದಿರುವುದು ಅದಕ್ಕೇ. ಬೇರೆಲ್ಲ ಕಡೆ ಉಳಿತಾಯ ಮಾಡಿ, ಇದೊಂದಕ್ಕೆ ತಂತ್ರಜ್ಞರನ್ನು ಕರೆಯಿರಿ.

ಮೊದಲು ಸಂದು ಮುಚ್ಚಿ

ಇನ್ಸುಲೇಷನ್ ಪ್ಯಾಕೆಟ್ ಮೇಲೆ ದೊಡ್ಡಕ್ಷರದಲ್ಲಿ ಆರ್-ವ್ಯಾಲ್ಯೂ ಬರೆದಿರುತ್ತದೆ, ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಗಾಳಿ ನುಗ್ಗುವ ಸಂದಿಯ ಲೆಕ್ಕ ಯಾವ ಪ್ಯಾಕೆಟ್ ಮೇಲೂ ಇರುವುದಿಲ್ಲ. 16 ಅಡಿ ಅಗಲದ ಬಾಗಿಲಿನ ಕೆಳಗೆ ಉದ್ದಕ್ಕೂ ಕಾಲು ಇಂಚು ಸಂದಿದೆ ಎನ್ನಿ. ಅದು 48 ಚದರ ಇಂಚು, ಅಂದರೆ ಗೋಡೆಯಲ್ಲಿ ಹತ್ತಿರಹತ್ತಿರ ಏಳಿಂಚು ಉದ್ದಗಲದ ಚೌಕ ತೂತು. ಅದನ್ನು ಹಾಗೇ ಬಿಟ್ಟು ಬಾಗಿಲಿಗೆ ಫೋಮ್ ಅಂಟಿಸುವುದರಲ್ಲಿ ಅರ್ಥವಿಲ್ಲ.

ಹಗಲು ಗರಾಜ್ ದೀಪ ಆರಿಸಿ ಒಳಗೆ ನಿಂತರೆ ಬೆಳಕಿನ ಗೆರೆಗಳು ತಾವೇ ಕಾಣುತ್ತವೆ. ಗಾಳಿ ಬೀಸುವ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ದೇವರ ಮನೆಯಿಂದ ಒಂದು ಊದುಬತ್ತಿ ತಂದು ಹಚ್ಚಿ, ಬಾಗಿಲಿನ ಅಂಚಿನಗುಂಟ ನಿಧಾನವಾಗಿ ಸರಿಸಿ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಎಲ್ಲಿ ಥಟ್ಟನೆ ಒಳಮುಖವಾಗಿ ಬಾಗುತ್ತದೋ ಅಲ್ಲಿ ಚಾಕ್‌ಪೀಸಿನ ಗುರುತು ಹಾಕಿ. ಕೆಳಮೂಲೆ ಎರಡರಲ್ಲೂ ಗುರುತು ಬೀಳುವುದು ಬಹುತೇಕ ಖಚಿತ. ಬಾಗಿಲಿನ ಅಡ್ಡ ಭಾಗಗಳು, ಅಂದರೆ ಸೆಕ್ಷನ್‌ಗಳು, ಒಂದಕ್ಕೊಂದು ಸೇರುವ ಕಡೆ ಬಿದ್ದರೆ ಮಾತ್ರ ಕೊಂಚ ಚಿಂತೆ. ಹಿಂಜ್ ಸಡಿಲವಾಗಿದೆ ಅಥವಾ ಬಾಗಿಲು ಬಾಗಿದೆ. ಪೆಟ್ರೋಲ್ ಡಬ್ಬ, ಪೇಂಟ್ ಥಿನ್ನರ್ ಇದ್ದರೆ ಊದುಬತ್ತಿಗೆ ಮುಂಚೆ ಅವು ಹೊರಗೆ ಹೋಗಲಿ.

ಕೆಳಗಿನ ರಬ್ಬರ್, ಅಂದರೆ ಬಾಟಮ್ ಸೀಲ್, ಬಾಗಿಲಿನ ಅಡಿಯ ಅಲ್ಯುಮಿನಿಯಂ ಚಾನೆಲ್‌ನಲ್ಲಿ ಜಾರಿ ಕೂರುತ್ತದೆ. ಹಳೆಯದರ ತುದಿಯಿಂದ ಒಂದು ತುಂಡು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಚಾನೆಲ್‌ನೊಳಗೆ ಕೂರುವ ಅಂಚು ಕೆಲವದರಲ್ಲಿ ಟಿ ಆಕಾರ, ಕೆಲವದರಲ್ಲಿ ಗುಂಡಗಿನ ಮಣಿ, ಒಂದರದ್ದು ಇನ್ನೊಂದಕ್ಕೆ ಕೂರದು. ಹಾಕುವಾಗ ಚಾನೆಲ್‌ಗೆ ಸೋಪಿನ ನೀರು ಸವರಿದರೆ ಎಳೆಯಲು ಸಲೀಸು, ಇಬ್ಬರಿದ್ದರೆ ಇನ್ನೂ ಸಲೀಸು. ಪಕ್ಕ ಮತ್ತು ಮೇಲಿನ ಅಂಚಿಗೆ ರಬ್ಬರ್ ತುಟಿ ಇರುವ ವಿನೈಲ್ ಪಟ್ಟಿಯನ್ನು ಚೌಕಟ್ಟಿಗೆ ಹೊರಗಿನಿಂದ ಮೊಳೆ ಹೊಡೆಯಬೇಕು. ಬಾಗಿಲು ಮುಚ್ಚಿರುವಾಗ ತುಟಿ ಸ್ವಲ್ಪವೇ ಮಡಿಚಿಕೊಳ್ಳುವಷ್ಟು ಒತ್ತಿಸಿ, ತೀರಾ ಒತ್ತಿಸಿದರೆ ಬಾಗಿಲು ಉಜ್ಜಿಕೊಂಡು ಓಡುತ್ತದೆ. ಕಾಂಕ್ರೀಟ್ ನೆಲವೇ ಓರೆಯಾಗಿದ್ದರೆ ನೆಲಕ್ಕೆ ಅಂಟಿಸುವ ಥ್ರೆಶೋಲ್ಡ್ ಪಟ್ಟಿ ಸಿಗುತ್ತದೆ.

ಅದೇ ಏಣಿ ಹೊರಗಿರುವಾಗ ಗರಾಜಿನಿಂದ ಮನೆಯೊಳಗೆ ಹೋಗುವ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಗಟ್ಟಿಯಿದೆಯೇ ನೋಡಿಬಿಡಿ. ಚಳಿಗಿಂತ ಹೆಚ್ಚಾಗಿ ಕಾರಿನ ಹೊಗೆಗಾಗಿ. ಸಂದು ಮುಚ್ಚಿದ ಗರಾಜಿನಲ್ಲಿ ಕಾರು ಸ್ಟಾರ್ಟ್ ಮಾಡಿ ಬೆಚ್ಚಗಾಗಲೆಂದು ಬಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಬೇಕು. ಬಾಗಿಲು ತೆರೆದಿದ್ದರೂ ಕಾರ್ಬನ್ ಮೊನಾಕ್ಸೈಡ್ ಒಳಗೆ ಉಳಿಯುತ್ತದೆ. ಇಲಿನಾಯ್ ರಾಜ್ಯದಲ್ಲಿ 2007ರಿಂದ ಮಲಗುವ ಪ್ರತಿ ಕೋಣೆಯ 15 ಅಡಿಯೊಳಗೆ ಅದರ ಅಲಾರಂ ಇರಲೇಬೇಕೆಂಬ ಕಾನೂನಿದೆ. ಟೆಕ್ಸಸ್, ಕ್ಯಾಲಿಫೋರ್ನಿಯಾದ ಎಷ್ಟೋ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಗರಾಜಿನಲ್ಲೇ ಇರುತ್ತದೆ. ಅದು ಉರಿಯಲು ಗರಾಜಿನ ಗಾಳಿಯನ್ನೇ ಎಳೆದುಕೊಳ್ಳುವ ಬಗೆಯದಾದರೆ ಗೋಡೆಯ ವೆಂಟ್‌ಗಳನ್ನು ಮುಚ್ಚಬೇಡಿ.

ಯಾವ ಇನ್ಸುಲೇಷನ್?

ಅಂಗಡಿಯಲ್ಲಿ ಮೂರು ಬಗೆ ಕಾಣುತ್ತವೆ. ಗಟ್ಟಿ ಫೋಮ್ ಹಲಗೆ, ವಿನೈಲ್ ಹೊದಿಕೆಯ ಫೈಬರ್‌ಗ್ಲಾಸ್ ಕಿಟ್, ಬೆಳ್ಳಿ ಬಣ್ಣದ ಬಬಲ್ ಫಾಯಿಲ್ ಸುರುಳಿ.

ಚಳಿ ಊರಿಗೆ ಬಬಲ್ ಫಾಯಿಲ್ ಬೇಡ. ಅಗ್ಗ, ಹಗುರ, ಕತ್ತರಿಸಲು ಸುಲಭ, ಎಲ್ಲ ನಿಜ. ಆದರೆ ಅದರ ಸ್ವಂತ ಆರ್-ವ್ಯಾಲ್ಯೂ ಒಂದರ ಆಸುಪಾಸು. ಅದು ಕೆಲಸ ಮಾಡುವುದು ಬಿಸಿಲಿನ ವಿಕಿರಣ ತಡೆಯುವಲ್ಲಿ, ಅದೂ ಹೊಳೆಯುವ ಮೈಗೆ ತಾಗಿ ಗಾಳಿಯ ಪದರ ಇದ್ದಾಗ. ಫೀನಿಕ್ಸ್, ಡಾಲಸ್, ಆಸ್ಟಿನ್‌ನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿದ್ದವರಿಗೆ ಮಾತ್ರ ಅದು ಯೋಗ್ಯ ಆಯ್ಕೆ. ಅಲ್ಲಿ ಸಂಜೆ ನಾಲ್ಕಕ್ಕೆ ಬಾಗಿಲಿನ ಒಳಮೈ ಮುಟ್ಟಿದರೆ ಕೈ ಚುರುಕ್ಕೆನ್ನುತ್ತದೆ, ಆ ಕಾವು ರಾತ್ರಿವರೆಗೂ ಗರಾಜಿನೊಳಗೆ ಸೂಸುತ್ತಿರುತ್ತದೆ.

ಫೋಮಿನಲ್ಲಿ ಬಿಳಿ ಥರ್ಮೋಕೋಲ್ ಬಗೆಯ ಇಪಿಎಸ್ ಇಂಚಿಗೆ ಸುಮಾರು 4 ಆರ್ ಕೊಡುತ್ತದೆ. ಫಾಯಿಲ್ ಹೊದಿಕೆಯ ಪಾಲಿಐಸೋ 6ರ ಸುತ್ತಮುತ್ತ, ಆದರೆ ತೀವ್ರ ಚಳಿಯಲ್ಲಿ ಅದರ ಸಾಮರ್ಥ್ಯ ಕುಸಿಯುತ್ತದೆ, ಅಂದರೆ ಬೇಕಾದ ದಿನವೇ ಕೈಕೊಡುವ ಗುಣ. ಫೈಬರ್‌ಗ್ಲಾಸ್ ಕಿಟ್‌ಗಳು ಆರ್-8ರವರೆಗೆ ಸಿಗುತ್ತವೆ, ಸದ್ದನ್ನೂ ಚೆನ್ನಾಗಿ ಹೀರುತ್ತವೆ. ನನ್ನ ಮತ ಹೀಗೆ: ಮೇಲಿನ ಮೂರು ಸೆಕ್ಷನ್‌ಗೆ ಯಾವುದಾದರೂ ಆದೀತು, ಕೆಳಗಿನ ಸೆಕ್ಷನ್‌ಗೆ ಮಾತ್ರ ಫೋಮೇ ಇರಲಿ. ಕಾರಿನ ಚಕ್ರಕ್ಕಂಟಿದ ಉಪ್ಪುಹಿಮ ಕರಗಿ ಹರಿದು ನಿಲ್ಲುವುದು ಅಲ್ಲೇ. ಒದ್ದೆಯಾದ ಫೈಬರ್‌ಗ್ಲಾಸ್ ಜೋತುಬಿದ್ದು, ಮುಗ್ಗಲು ವಾಸನೆ ಹಿಡಿದು ಕೆಲಸಕ್ಕೆ ಬಾರದಂತಾಗುತ್ತದೆ.

ತೂಕದ ಲೆಕ್ಕವನ್ನೂ ಇಲ್ಲೇ ಹಾಕಿ. 112 ಚದರ ಅಡಿಗೆ ಒಂದಿಂಚು ಇಪಿಎಸ್ ಅಂದರೆ ಒಂಬತ್ತು ಘನ ಅಡಿ ಚಿಲ್ಲರೆ. ಘನ ಅಡಿಗೆ ಸುಮಾರು ಒಂದು ಪೌಂಡ್ ಹಿಡಿದರೆ ಒಟ್ಟು ಒಂಬತ್ತು ಪೌಂಡ್. ಒಂದೂವರೆ ಇಂಚಿನ ಪಾಲಿಐಸೋ ಆದರೆ ಮೂರು ಪಟ್ಟು. ಒಂಬತ್ತು ಪೌಂಡನ್ನು ಒಳ್ಳೆಯ ಸ್ಪ್ರಿಂಗ್ ಹೆಚ್ಚು ಗೊಣಗದೆ ತಡೆದೀತು, ಇಪ್ಪತ್ತೆಂಟನ್ನು ತಡೆಯುವುದಿಲ್ಲ.

ಬೆಂಕಿಯ ಮಾತು: ಹಲವು ಬಗೆಯ ಫೋಮ್ ಹಲಗೆಯನ್ನು ಹೊದಿಕೆಯಿಲ್ಲದೆ ತೆರೆದಿಡಲು ಅನುಮತಿಯಿಲ್ಲ. ಗೋಡೆಯೊಳಗೆ ಜಿಪ್ಸಂ ಹಿಂದೆ ಹಾಕಲೆಂದು ಮಾಡಿದ ಹಲಗೆ ಅಗ್ಗವೆಂದು ತರಬೇಡಿ. ಗರಾಜ್ ಬಾಗಿಲಿಗೆಂದೇ ಮಾರುವ ಕಿಟ್ ಅಥವಾ ತೆರೆದಿಡಬಹುದೆಂದು ಲೇಬಲ್‌ನಲ್ಲಿ ಸ್ಪಷ್ಟವಾಗಿ ಬರೆದಿರುವುದು ಮಾತ್ರ ಬರಲಿ.

ಇನ್ನು ಹೊಸ ಬಾಗಿಲೇ ಹಾಕಿಸುವುದೋ? ಈಗಿನದು ತುಕ್ಕು ಹಿಡಿದಿದ್ದರೆ, ಬಾಗಿದ್ದರೆ, ಮರದ್ದಾಗಿದ್ದರೆ ಹಾಕಿಸಿ, ಅದಕ್ಕೆ ಕಿಟ್ ಖರ್ಚು ದಂಡ. ಕಂಪನಿಗಳು ಹೇಳುವ ಆರ್-18 ಸೆಕ್ಷನ್‌ನ ನಡುಮಧ್ಯದ ಅಳತೆ, ಅಂಚು ಮತ್ತು ಕೀಲುಗಳನ್ನು ಸೇರಿಸಿದ ಇಡೀ ಬಾಗಿಲಿನದ್ದಲ್ಲ ಎಂಬುದು ಬೆಲೆ ಚೌಕಾಸಿ ಮಾಡುವಾಗ ನೆನಪಿರಲಿ.

ಹಾಕುವ ಕ್ರಮ

ಮೇ ತಿಂಗಳೋ ಸೆಪ್ಟೆಂಬರೋ ನೋಡಿಕೊಳ್ಳಿ. 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಓಪನರ್ ಪ್ಲಗ್ ಕಿತ್ತಿಡಿ. ಕೆಲಸದ ನಡುವೆ ಮಕ್ಕಳು ಗುಂಡಿ ಒತ್ತುವುದು ಬೇಡ.

1. ಬಾಗಿಲಿನ ಒಳಮೈ ತೊಳೆದು ಒಣಗಿಸಿ, ಅಂಟು ಬೀಳುವ ಜಾಗವನ್ನು ರಬ್ಬಿಂಗ್ ಆಲ್ಕೋಹಾಲ್‌ನಿಂದ ಒರೆಸಿ. ವರ್ಷಗಳ ಎಣ್ಣೆಜಿಡ್ಡು, ಉಪ್ಪಿನ ಪುಡಿ ಅಲ್ಲಿರುತ್ತದೆ.

2. ಪ್ರತಿ ಸೆಕ್ಷನ್ ನಿಲುವು ಪಟ್ಟಿಗಳಿಂದ ಹಲವು ಮನೆಗಳಾಗಿ ಭಾಗವಾಗಿರುತ್ತದೆ. ಒಂದನ್ನು ಅಳೆದು ಎಲ್ಲವೂ ಅಷ್ಟೇ ಎಂದುಕೊಳ್ಳಬೇಡಿ. ತುದಿಯ ಮನೆಗಳು ನಡುವಿನವಕ್ಕಿಂತ ಕಿರಿದಿರುವುದು ಸಾಮಾನ್ಯ. ಒಂದೊಂದನ್ನೂ ಅಳೆದು, ಅಳತೆಯನ್ನು ಪೆನ್ಸಿಲ್‌ನಲ್ಲಿ ಆ ಮನೆಯೊಳಗೇ ಬರೆಯಿರಿ.

3. ಫೋಮ್ ಆದರೆ ಮೇಲೆ ಕೆಳಗೆ ಒಳಮಡಿಚಿದ ಅಂಚಿನ ಹಿಂದೆ ಸೇರುವಷ್ಟು, ಅಂದರೆ ಕಾಣುವ ಜಾಗಕ್ಕಿಂತ ಸುಮಾರು ಅರ್ಧ ಇಂಚು ಹೆಚ್ಚು ಕತ್ತರಿಸಿ. ಹೊಸ ಬ್ಲೇಡಿನಿಂದ ಅರ್ಧ ಆಳ ಗೀರಿ, ಅಂಚಿಗಿಟ್ಟು ಲಟಕ್ಕನೆ ಮುರಿದರೆ ನೆಲವಿಡೀ ಬಿಳಿ ಕಾಳು ಹಾರುವುದು ತಪ್ಪುತ್ತದೆ. ಮೇಲಿನ ಅಂಚನ್ನು ಮೊದಲು ತೂರಿಸಿ, ನಡುವೆ ಕೊಂಚ ಬಾಗಿಸಿ, ಕೆಳಗಿನದನ್ನು ಒತ್ತಿ ಬಿಡಿ. ತಾನೇ ಚಪ್ಪಟೆಯಾಗಿ ಕೂರುತ್ತದೆ.

4. ಫೈಬರ್‌ಗ್ಲಾಸ್ ಆದರೆ ಮುಂಚಿನ ದಿನವೇ ಅಂಟಿನ ಪಿನ್‌ಗಳನ್ನು ಬಾಗಿಲಿಗೆ ಅಂಟಿಸಿಟ್ಟು, ಮರುದಿನ ಹೊದಿಕೆ ಚುಚ್ಚಿ ಕ್ಯಾಪ್ ಒತ್ತಿ. ತುಂಬುತೋಳು, ಕೈಗವಸು, ಮಾಸ್ಕ್ ಬಿಡಬೇಡಿ. ಹೊದಿಕೆಯ ಬಿಳಿ ವಿನೈಲ್ ನಿಮ್ಮ ಕಡೆಗಿರಬೇಕು.

5. ಹಿಂಜ್, ರೋಲರ್, ಮೇಲಿನ ಸೆಕ್ಷನ್‌ನಲ್ಲಿ ಓಪನರ್ ತೋಳು ಹಿಡಿದಿರುವ ಬ್ರ್ಯಾಕೆಟ್, ಅಡ್ಡಡ್ಡ ಬಲಪಟ್ಟಿ, ಇವುಗಳ ಸುತ್ತ ಜಾಗ ಬಿಡಿ. ಎರಡು ಸೆಕ್ಷನ್ ಸೇರುವ ಗೆರೆಯ ಮೇಲೆ ಯಾವುದೂ ಹಾಯಬಾರದು. ಬಾಗಿಲು ತಿರುವಿನಲ್ಲಿ ಮಡಿಚಿಕೊಳ್ಳುವಾಗ ಅದು ಕಿತ್ತುಬರುತ್ತದೆ ಅಥವಾ ಸಿಕ್ಕಿಹಾಕಿಕೊಳ್ಳುತ್ತದೆ.

6. ಕೈಯಲ್ಲಿ ನಿಧಾನವಾಗಿ ಒಮ್ಮೆ ಪೂರ್ತಿ ಎತ್ತಿ ಇಳಿಸಿ, ಏನಾದರೂ ಉಜ್ಜುತ್ತಿದೆಯೇ ಕಿವಿಗೊಟ್ಟು ಕೇಳಿ.

ಸದ್ದಿನ ದೂರು ಇದ್ದವರು ಇದೇ ಹೊತ್ತಿಗೆ ಕಬ್ಬಿಣದ ರೋಲರ್‌ಗಳನ್ನು ಬೇರಿಂಗ್ ಇರುವ ನೈಲಾನ್ ರೋಲರ್‌ಗಳಿಗೆ ಬದಲಿಸಿಕೊಳ್ಳಬಹುದು. ನಾಲ್ಕು ಸೆಕ್ಷನ್‌ನ ಬಾಗಿಲಿಗೆ ಹತ್ತು ಬೇಕು. ಮೇಲಿನ ಎಂಟು ನಿಮ್ಮದು, ಕೆಳಗಿನ ಎರಡು ಕೇಬಲ್ ಬ್ರ್ಯಾಕೆಟ್‌ನಲ್ಲಿರುವುದರಿಂದ ತಂತ್ರಜ್ಞರದು. ಸ್ಪ್ರಿಂಗ್, ಹಿಂಜ್, ರೋಲರ್ ಬೇರಿಂಗ್‌ಗೆ ಗರಾಜ್ ಬಾಗಿಲಿನ ಸ್ಪ್ರೇ ಅಥವಾ ವೈಟ್ ಲಿಥಿಯಂ ಗ್ರೀಸ್ ಹಾಕಿ. ರೋಲರ್ ಓಡುವ ಟ್ರ್ಯಾಕ್‌ಗೆ ಹಾಕಬೇಡಿ, ಧೂಳು ಕಟ್ಟಿ ಹಿಟ್ಟಾಗುತ್ತದೆ, ಅದನ್ನು ಬಟ್ಟೆಯಿಂದ ಒರೆಸಿದರೆ ಸಾಕು.

ಈಗ ಮತ್ತೆ ತೂಕದ ಪರೀಕ್ಷೆ. ಬಾಗಿಲು ಸೊಂಟದ ಮಟ್ಟದಲ್ಲಿ ನಿಲ್ಲದೆ ಜಾರಿದರೆ ತಂತ್ರಜ್ಞರಿಗೆ ಫೋನ್ ಮಾಡುವ ಸಮಯ. ಸಾಧಾರಣ ಸ್ಪ್ರಿಂಗ್‌ನ ಆಯಸ್ಸು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲವೆಂದರೆ ಏಳು ವರ್ಷಕ್ಕೂ ಕಡಿಮೆ. ಹೇಗೂ ಬಂದಿರುತ್ತಾರೆ, ಎರಡೂ ಸ್ಪ್ರಿಂಗ್ ಒಟ್ಟಿಗೆ ಬದಲಿಸಿ, 20,000 ಅಥವಾ ಹೆಚ್ಚಿನ ಸೈಕಲ್‌ನದ್ದು ಹಾಕಲು ಹೇಳಿ. ಬಾಗಿಲನ್ನು ತಕ್ಕಡಿಯ ಮೇಲಿಟ್ಟು ತೂಗಿಯೇ ಸ್ಪ್ರಿಂಗ್ ಆರಿಸುವವರು ಕೆಲಸ ಬಲ್ಲವರು. ಕಣ್ಣಳತೆಯಲ್ಲಿ ಹೇಳುವವರನ್ನು ಕಳಿಸಿಬಿಡಿ.

ಓಪನರ್ ಆರಿಸುವುದು

ಮೇಲೆ ಬೆಡ್‌ರೂಮ್ ಇದ್ದರೆ ಬೆಲ್ಟ್ ಡ್ರೈವ್ ತೆಗೆದುಕೊಳ್ಳಿ. ಚೈನ್ ಡ್ರೈವ್ ಅಗ್ಗ, ಗಟ್ಟಿ, ಆದರೆ ಅದರ ಕರಕರ ಮೇಲಿನ ನೆಲ ಹೊತ್ತ ಮರದ ತೊಲೆಗಳ ಮೂಲಕ ಮೇಲಿನ ಮಂಚಕ್ಕೇ ಏರುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವವರು ಮನೆಯಲ್ಲಿದ್ದರೆ ಹೆಚ್ಚು ಹೇಳಬೇಕಿಲ್ಲ. ಡಿಸಿ ಮೋಟಾರ್ ಇರುವುದು ಮೆಲ್ಲಗೆ ಶುರುವಾಗಿ ಮೆಲ್ಲಗೆ ನಿಲ್ಲುತ್ತದೆ. 16 ಅಡಿಯ ಇನ್ಸುಲೇಟೆಡ್ ಸ್ಟೀಲ್ ಬಾಗಿಲಿಗೆ ಮುಕ್ಕಾಲು ಎಚ್‌ಪಿ ದರ್ಜೆ ಸಾಕು. ಸ್ಪ್ರಿಂಗ್ ಸರಿಯಿದ್ದರೆ ಒಂದೂಕಾಲಿನದ್ದು ಪ್ರದರ್ಶನಕ್ಕೆ. ಸೀಲಿಂಗ್ ಜಾಗ ಉಳಿಸಬೇಕೆಂದರೆ ಬಾಗಿಲಿನ ಪಕ್ಕದ ಗೋಡೆಗೆ ಕೂತು ಸ್ಪ್ರಿಂಗ್ ಕಂಬಿಯನ್ನೇ ತಿರುಗಿಸುವ ಬಗೆ ಇದೆ. ಬಹಳ ನಿಶ್ಶಬ್ದ, ಆದರೆ ಟಾರ್ಶನ್ ಸ್ಪ್ರಿಂಗ್ ಇರಬೇಕು, ಟ್ರ್ಯಾಕ್ ಉದ್ದಕ್ಕೂ ಎಳೆದುಕೊಳ್ಳುವ ಎಕ್ಸ್‌ಟೆನ್ಶನ್ ಸ್ಪ್ರಿಂಗ್‌ಗೆ ಆಗದು. ಬಾಗಿಲು 8 ಅಡಿ ಎತ್ತರದ್ದಾದರೆ ಹಳಿ ಉದ್ದ ಮಾಡುವ ಕಿಟ್ ಪ್ರತ್ಯೇಕ ಕೊಳ್ಳಬೇಕು.

ಬ್ಯಾಟರಿ ಬ್ಯಾಕಪ್ ಇರಲಿ. 2017ರ ಕಾಳ್ಗಿಚ್ಚಿನಲ್ಲಿ ವಿದ್ಯುತ್ ಹೋಗಿ, ಗರಾಜ್ ಬಾಗಿಲು ತೆರೆಯಲಾಗದೆ ಜನ ಸಿಕ್ಕಿಬಿದ್ದ ಮೇಲೆ ಕ್ಯಾಲಿಫೋರ್ನಿಯಾ ಕಾನೂನು ತಂದಿತು. 2019ರ ಜುಲೈ 1ರಿಂದ ಅಲ್ಲಿ ಮನೆಗಳಿಗೆ ಹಾಕುವ ಹೊಸ ಓಪನರ್‌ಗೆ ಬ್ಯಾಟರಿ ಕಡ್ಡಾಯ. ಉಳಿದ ರಾಜ್ಯಗಳಲ್ಲಿ ಕಡ್ಡಾಯವಿಲ್ಲದಿದ್ದರೂ, ಊರಿಂದ ಬಂದ ಅಪ್ಪ ಅಮ್ಮ ಮನೆಯಲ್ಲಿದ್ದು ನೀವು ಆಫೀಸಿನಲ್ಲಿರುವಾಗ ಕರೆಂಟ್ ಹೋದರೆ ಅವರು ಕೆಂಪು ಹಿಡಿ ಎಳೆದು ಬಾಗಿಲು ಎತ್ತಲಿ ಎಂದು ಬಯಸುವವರಾರು?

ಹಳೆಯ ಓಪನರ್ ಇನ್ನೂ ಓಡುತ್ತಿದೆ, ಯಾಕೆ ಬದಲಿಸಲಿ ಎನ್ನುವವರು ಅದರ ತಯಾರಿಕೆಯ ದಿನಾಂಕ ನೋಡಿ. 1993ರ ಜನವರಿ 1ರ ನಂತರ ತಯಾರಾದ ಪ್ರತಿ ಓಪನರ್‌ನಲ್ಲೂ ಅಡ್ಡ ಬಂದದ್ದನ್ನು ಗುರುತಿಸುವ ಎರಡನೆಯ ವ್ಯವಸ್ಥೆ, ಸಾಮಾನ್ಯವಾಗಿ ಫೋಟೋ ಐ ಜೋಡಿ, ಇರಬೇಕೆಂದು ಅಮೆರಿಕದ ಒಕ್ಕೂಟ ಕಾನೂನು ಹೇಳುತ್ತದೆ. ಅದಕ್ಕಿಂತ ಹಳೆಯದಾದರೆ ಚರ್ಚೆಯೇ ಬೇಡ. ರಿಮೋಟಿನೊಳಗೆ ಸಣ್ಣ ಸಣ್ಣ ಸ್ವಿಚ್‌ಗಳ ಸಾಲಿದ್ದರೂ ಹಾಗೆಯೇ. ಅದು ಎಂದೂ ಬದಲಾಗದ ಕೋಡ್. 2015ರಲ್ಲಿ ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕಾರ್ ಮಕ್ಕಳ ಆಟಿಕೆಯೊಂದನ್ನು ತಿದ್ದಿ ಇಂಥ ಬಾಗಿಲುಗಳನ್ನು ಹತ್ತು ಸೆಕೆಂಡಿನೊಳಗೆ ತೆರೆದು ತೋರಿಸಿದ್ದರು. ಈಗಿನವು ಪ್ರತಿ ಸಲ ಕೋಡ್ ಬದಲಿಸುತ್ತವೆ.

ಕೂರಿಸುವುದು

ಬಾಗಿಲು ಮುಚ್ಚಿ, ಪ್ಲಗ್ ಕಿತ್ತು, ಕೆಂಪು ಹಿಡಿ ಎಳೆದು, ತೋಳನ್ನು ಬಾಗಿಲಿನಿಂದ ಬಿಡಿಸಿ. ಹಳೆಯ ಮೋಟಾರಿನ ಕೆಳಗೆ ಏಣಿ ನಿಲ್ಲಿಸಿ ಅದರ ಮೇಲೆ ಭಾರ ಬಿಟ್ಟು ಬೋಲ್ಟ್ ತೆಗೆಯಿರಿ, ಇದು ಇಬ್ಬರ ಕೆಲಸ. ಹೊಸದರ ಹಳಿಯನ್ನು ನೆಲದ ಮೇಲೆಯೇ ಜೋಡಿಸಿ. ಬಾಗಿಲಿನ ನಡುಗೆರೆಯನ್ನು ಮೇಲಿನ ಗೋಡೆಗೆ ಗುರುತಿಸಿ, ಬಾಗಿಲು ಏರುವಾಗ ಅದರ ಮೇಲಂಚು ಮುಟ್ಟುವ ಅತಿ ಎತ್ತರದ ಬಿಂದುವಿಗಿಂತ ಸುಮಾರು ಎರಡಿಂಚು ಮೇಲೆ ಹೆಡರ್ ಬ್ರ್ಯಾಕೆಟ್, ಅಂದರೆ ಹಳಿಯ ಮುಂತುದಿಯನ್ನು ಗೋಡೆಗೆ ಹಿಡಿಯುವ ಬ್ರ್ಯಾಕೆಟ್, ಬರಬೇಕು. ಅಲ್ಲಿ ಹಿಂದೆ ಗಟ್ಟಿ ಮರವಿರಲೇಬೇಕು, ಜಿಪ್ಸಂಗೆ ಸ್ಕ್ರೂ ಹಾಕಿದರೆ ಕೆಲವೇ ವಾರ.

ತೆಳು ತಗಡಿನ ಬಾಗಿಲಿಗೆ ಇನ್ನೊಂದು ಅಗತ್ಯ ವಸ್ತು ಪೆಟ್ಟಿಗೆಯಲ್ಲಿ ಬರುವುದಿಲ್ಲ: ಮೇಲಿನ ಸೆಕ್ಷನ್‌ನ ಬಲಪಡಿಸುವ ಬ್ರ್ಯಾಕೆಟ್. ಅದಿಲ್ಲದೆ ತೋಳನ್ನು ನೇರವಾಗಿ ತಗಡಿಗೆ ಬಿಗಿದರೆ ಎಳೆತಕ್ಕೆ ಸೆಕ್ಷನ್ ಸೊಟ್ಟಗಾಗಿ ಮಧ್ಯದಲ್ಲಿ ಬಿರುಕು ಬಿಡುತ್ತದೆ. ಬಾಗಿಲಿನಲ್ಲಿ ಹಳೆಯ ಕಾಲದ ಕೈಚಿಲಕ ಇದ್ದರೆ ಅದನ್ನು ತೆಗೆದುಬಿಡಿ. ಚಿಲಕ ಬಿದ್ದಿರುವಾಗ ಯಾರೋ ರಿಮೋಟ್ ಒತ್ತಿದರೆ ಬಾಗಿಲು ಬಾಗುತ್ತದೆ.

ಫೋಟೋ ಐ ಎರಡೂ ನೆಲದಿಂದ ಆರಿಂಚಿಗಿಂತ ಮೇಲಿರಬಾರದು. ತೆವಳುವ ಮಗು ಅದರ ಕಣ್ಣಿಗೆ ಬೀಳಬೇಕಲ್ಲ. ಹಳೆಯ ತಂತಿ ಚೆನ್ನಾಗಿದ್ದರೆ ಉಳಿಸಿಕೊಳ್ಳಿ, ಹಳೆಯ ಕಣ್ಣುಗಳನ್ನು ಉಳಿಸಬೇಡಿ. ಸಂಜೆ ಬಿಸಿಲು ನೇರ ಬೀಳುವ ಕಡೆ ಕಳಿಸುವ ಕಣ್ಣಿರಲಿ, ಸ್ವೀಕರಿಸುವ ಕಣ್ಣು ನೆರಳಿನ ಕಡೆಗೆ. ದಿನವಿಡೀ ಸರಿಯಿದ್ದು ಸಂಜೆ ಮಾತ್ರ ಮುಚ್ಚಲೊಲ್ಲದ ಬಾಗಿಲುಗಳ ರೋಗ ಎಷ್ಟೋ ಸಲ ಇಷ್ಟೇ. ಗೋಡೆಯ ಗುಂಡಿ ಐದಡಿ ಎತ್ತರದಲ್ಲಿ, ಬಾಗಿಲು ಕಾಣುವ ಜಾಗದಲ್ಲಿರಲಿ. ದೀಪಕ್ಕೆ ಗರಾಜ್ ಓಪನರ್‌ಗೆಂದೇ ಮಾಡಿದ ಎಲ್‌ಇಡಿ ಹಾಕಿ. ಅಗ್ಗದ ಎಲ್‌ಇಡಿ ರೇಡಿಯೋ ಗದ್ದಲ ಎಬ್ಬಿಸಿ ರಿಮೋಟನ್ನು ಕಿವುಡು ಮಾಡುತ್ತದೆ.

ಕೊನೆಗೆ ಏರುವ ಇಳಿಯುವ ಮಿತಿಗಳನ್ನು ಕೈಪಿಡಿ ಹೇಳಿದಂತೆ ಕಲಿಸಿ. ಹಳೆಯ ಓಪನರನ್ನೇ ಇಟ್ಟುಕೊಂಡು ಇನ್ಸುಲೇಷನ್ ಮಾತ್ರ ಹಾಕಿದವರೂ ಇದನ್ನು ಹೊಸದಾಗಿ ಮಾಡಬೇಕು, ಏಕೆಂದರೆ ತೂಕವೂ ಕೆಳಗಿನ ರಬ್ಬರೂ ಬದಲಾಗಿವೆ.

ನಂತರ ಎರಡು ಪರೀಕ್ಷೆ. ಬಾಗಿಲು ಇಳಿಯುವ ಜಾಗದ ನಡುವೆ ಎರಡು-ನಾಲ್ಕರ (ಟೂ-ಬೈ-ಫೋರ್) ಮರದ ತುಂಡನ್ನು ಚಪ್ಪಟೆಯಾಗಿ ಮಲಗಿಸಿ ಮುಚ್ಚಿ. ಹೆಸರಿಗೆ ಎರಡಿಂಚಾದರೂ ನಿಜದಲ್ಲಿ ಒಂದೂವರೆ ಇಂಚು ದಪ್ಪದ ಆ ತುಂಡು ಮುಟ್ಟಿದ ಕೂಡಲೇ ಬಾಗಿಲು ವಾಪಸು ಏರಬೇಕು. ಇನ್ನೊಮ್ಮೆ, ಇಳಿಯುತ್ತಿರುವಾಗ ಪೊರಕೆಯನ್ನು ಫೋಟೋ ಐ ಮುಂದೆ ಹಿಡಿಯಿರಿ. ತಿಂಗಳಿಗೊಮ್ಮೆ ಎರಡನ್ನೂ ಮಾಡಿ. ಇಳಿಯುತ್ತಿರುವ ಬಾಗಿಲಿನಡಿ ಬಗ್ಗಿ ನುಸುಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಿರಿಯರಿಗೂ ಇದೆ, ಮಕ್ಕಳು ಕಲಿಯುವುದು ಅವರನ್ನು ನೋಡಿಯೇ.

ರಿಮೋಟ್, ಕಾರು, ಮೊಬೈಲ್

ಹಳೆಯ ಮನೆ ಕೊಂಡು ಹಳೆಯ ಓಪನರನ್ನೇ ಬಳಸುತ್ತಿರುವವರು ಅದರ ನೆನಪನ್ನು ಅಳಿಸಿದ್ದೀರಾ? ಹಿಂದಿನವರ ರಿಮೋಟ್ ಇನ್ನೂ ಯಾರದೋ ಕಾರಿನಲ್ಲಿರಬಹುದು. ಚೇಂಬರ್‌ಲೇನ್, ಲಿಫ್ಟ್‌ಮಾಸ್ಟರ್ ಹೆಸರಿನ ಓಪನರ್ ಆದರೆ ಮೋಟಾರಿನ ಹಿಂಬದಿಯ ಬಣ್ಣದ ಲರ್ನ್ ಗುಂಡಿಯನ್ನು ದೀಪ ಆರುವವರೆಗೆ, ಸುಮಾರು ಆರು ಸೆಕೆಂಡು, ಒತ್ತಿ ಹಿಡಿದರೆ ಎಲ್ಲ ಅಳಿಯುತ್ತದೆ. ಹಾಗೆಯೇ ಕಾರು ಮಾರುವಾಗ ಕಾರಿನ ಕನ್ನಡಿಯಲ್ಲಿರುವ ಗುಂಡಿಗಳ ನೆನಪನ್ನೂ ಅಳಿಸಿ ಕೊಡಿ. ಹಳೆಯ ಕಾರಿನ ಆ ಗುಂಡಿಗಳು ಹೊಸ ಓಪನರಿನ ಜೊತೆ ಮಾತಾಡದಿದ್ದರೆ ನಡುವೆ ಹಾಕುವ ಪುಟ್ಟ ಬ್ರಿಜ್ ಪೆಟ್ಟಿಗೆ ಸಿಗುತ್ತದೆ.

ಮೊಬೈಲಿನಿಂದ ಮುಚ್ಚುವ ಸೌಲಭ್ಯ ನಿಜಕ್ಕೂ ಉಪಯುಕ್ತ. ದೂರದಿಂದ ಮುಚ್ಚುವ ಮೊದಲು ದೀಪ ಮಿನುಗಿ ಬೀಪ್ ಸದ್ದಾಗುವುದು ದೋಷವಲ್ಲ, ಯುಎಲ್ 325 ಸುರಕ್ಷಾ ಮಾನದಂಡದ ನಿಯಮ. ಕೊಳ್ಳುವ ಮೊದಲು ಗರಾಜಿನಲ್ಲಿ ನಿಂತು ಮೊಬೈಲಿನಲ್ಲಿ ವೈಫೈ ಎಷ್ಟು ಕಡ್ಡಿ ತೋರಿಸುತ್ತದೆ ನೋಡಿ.

ಎಷ್ಟು ಫಲ ನಿರೀಕ್ಷಿಸಬಹುದು?

ಗರಾಜ್ 35 ಡಿಗ್ರಿ ಫ್ಯಾರನ್‌ಹೀಟ್, ಹೊರಗೆ ಸೊನ್ನೆ ಎಂದಿಟ್ಟುಕೊಂಡರೆ ಬರಿ ತಗಡಿನ ಮೂಲಕ ಗಂಟೆಗೆ ನಾಲ್ಕು ಸಾವಿರ ಬಿಟಿಯು (ಶಾಖ ಅಳೆಯುವ ಘಟಕ) ಹತ್ತಿರ ಶಾಖ ಹೋಗುತ್ತದೆ. ಆರ್-6ರ ಹೊದಿಕೆ ಹಾಕಿದರೆ ಕಾಗದದ ಮೇಲೆ ಅದು ಆರುನೂರರ ಸುತ್ತ. ಪಟ್ಟಿ, ಕೀಲುಗಳ ಮೂಲಕ ಸೋರುವುದನ್ನು ಸೇರಿಸಿದರೆ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ಗರಾಜಿನಲ್ಲಿ ಹೀಟರ್ ಇಲ್ಲದಿದ್ದರೆ ಬಿಲ್ಲಿನಲ್ಲಿ ದೊಡ್ಡ ಇಳಿತ ಕಾಣದು, ಗರಾಜ್ ಮೊದಲಿಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ಮೇಲಿನ ಕೋಣೆ ಆಗಲೂ ಕೊರೆಯುತ್ತಿದ್ದರೆ ತಪ್ಪು ಬಾಗಿಲಿನದ್ದಲ್ಲ, ಗರಾಜ್ ಸೀಲಿಂಗ್ ಒಳಗಿನ ಇನ್ಸುಲೇಷನ್ ಇಲ್ಲ ಅಥವಾ ಜಾರಿದೆ. ಕೆಲವು ಪಬ್ಲಿಕ್ ಲೈಬ್ರರಿಗಳು ಥರ್ಮಲ್ ಕ್ಯಾಮೆರಾ ಎರವಲು ಕೊಡುತ್ತವೆ, ಜನವರಿಯ ಒಂದು ರಾತ್ರಿ ಅದನ್ನು ಸೀಲಿಂಗಿಗೆ ಹಿಡಿದರೆ ಗುಟ್ಟು ರಟ್ಟಾಗುತ್ತದೆ.

ಆ ಕೆಲವು ಡಿಗ್ರಿಯಿಂದ ಅನಿರೀಕ್ಷಿತ ಲಾಭವೂ ಇದೆ. ನಮ್ಮವರ ಗರಾಜಿನಲ್ಲಿ ಎರಡನೆಯ ಫ್ರಿಜ್ ಇರುವುದು ಹೆಚ್ಚುಕಡಿಮೆ ನಿಯಮವೇ, ಅದರ ಫ್ರೀಜರ್ ತುಂಬ ತೆಂಗಿನತುರಿ, ಅವರೆಕಾಳು, ಪರೋಟ. ಸುತ್ತಲ ಗಾಳಿ ತೀರಾ ತಣ್ಣಗಾದಾಗ ಕೆಳಗಿನ ಫ್ರಿಜ್ಜಿನ ಥರ್ಮೋಸ್ಟಾಟ್ ಇಲ್ಲಿ ಚಳಿ ಸಾಕಷ್ಟಿದೆ ಎಂದು ಕಂಪ್ರೆಸರನ್ನು ಓಡಿಸುವುದೇ ಇಲ್ಲ, ಮೇಲಿನ ಫ್ರೀಜರ್ ಕರಗತೊಡಗುತ್ತದೆ. ಗರಾಜ್ ಬೆಚ್ಚಗಾದಷ್ಟೂ ಈ ಕಾಟ ಕಡಿಮೆ. ಪೂರ್ತಿ ತಪ್ಪಬೇಕಾದರೆ ಗರಾಜಿಗೆಂದೇ ಮಾಡಿದ ಫ್ರಿಜ್ ಬೇಕು.

ಹಿಮಮಳೆಯಾದ ಬೆಳಿಗ್ಗೆ ಬಾಗಿಲು ಏಳದಿದ್ದರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ. ಹೊಸ ರಬ್ಬರ್ ನೆಲಕ್ಕೆ ಹೆಪ್ಪುಗಟ್ಟಿ ಅಂಟಿರುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಉದ್ದಕ್ಕೂ ಬಿಡಿಸಿ ಆಮೇಲೆ ತೆರೆಯಿರಿ. ಬಿಸಿನೀರು ಸುರಿದರೆ ಅದೇ ಮತ್ತೆ ಗಟ್ಟಿಯಾಗಿ ಮರುದಿನ ಎರಡು ಪಟ್ಟು ಅಂಟುತ್ತದೆ. ನವೆಂಬರಿನಲ್ಲೇ ಆ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಹೊಡೆದಿಟ್ಟರೆ ಈ ತಾಪತ್ರಯ ಬಹುಮಟ್ಟಿಗೆ ಇರುವುದಿಲ್ಲ.